ಎಸ್‌ಎಆರ್ ಅಂಕಿಗಿಂತ ಮೊದಲು ‘ರೇಂಜ್’ ನೋಡಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಮೊಬೈಲ್ ಬಗ್ಗೆ ಎರಡು ದೂರು ಸದಾ ಕೇಳಿಬರುತ್ತವೆ. ‘ಮನಿಯಾಗ ರೇಂಜ್ ಸಿಗಂಗಿಲ್ಲ, ಫೋನ್ ಹಚ್ಚಬೇಕಂದ್ರ ಮಾಳಗಿ ಏರಬೇಕು’ ಎಂಬುದು ಒಂದು. ‘ಊರಾಗ ಟಾವರ್ ಬ್ಯಾಡ್ರಿ, ರೇಡಿಯೇಷನ್ ಬರ್ತದ’ ಎಂಬುದು ಇನ್ನೊಂದು. ಅಗಸಿ ಕಟ್ಟೆಯ ಮೇಲೆ ಕೂತ ಒಬ್ಬರೇ ಎರಡನ್ನೂ ಹೇಳುವುದುಂಟು.

ಈ ಎರಡಕ್ಕೂ ನಂಟಿದೆ. ಆದರೆ ಜನ ತಿಳಿದಿರುವುದಕ್ಕೆ ಅದು ಪೂರ್ತಿ ತಿರುಗುಮುರುಗು. ಟವರ್ ದೂರವಾದಷ್ಟೂ ನಿಮ್ಮ ಕೈಯಲ್ಲಿರುವ ಫೋನು ಜೋರಾಗಿ ರೇಡಿಯೊ ತರಂಗ ಹೊಮ್ಮಿಸಬೇಕಾಗುತ್ತದೆ. ಟವರ್ ಇರುವುದು ಅರ್ಧ ಕಿಲೋಮೀಟರ್ ಆಚೆ, ಫೋನು ಇರುವುದು ಕಿವಿಗೆ ಅಂಟಿಕೊಂಡು. ನಿಮ್ಮ ಮೈಗೆ ತಾಗುವ ತರಂಗದಲ್ಲಿ ದೊಡ್ಡ ಪಾಲು ಯಾವುದರದ್ದು ಎಂಬುದು ಅಲ್ಲಿಗೇ ತೀರ್ಮಾನವಾಯಿತು.

ಮಿತಿ ಎಂದರೆ ಏನು?

ರೇಡಿಯೊ ತರಂಗಕ್ಕೆ ಎಕ್ಸ್-ರೇಯಂತೆ ಅಣುವನ್ನು ಒಡೆಯುವ ಶಕ್ತಿಯಿಲ್ಲ. ಆ ವಿಷಯದಲ್ಲಿ ಬಿಸಿಲಿನ ಬೆಳಕಿಗಿಂತಲೂ ಅದು ಎಷ್ಟೋ ದುರ್ಬಲ. ಅದರ ಖಚಿತವಾದ ಪರಿಣಾಮ ಒಂದೇ: ಪ್ರಮಾಣ ಹೆಚ್ಚಾದರೆ ಮೈಯ ಅಂಗಾಂಶವನ್ನು ಬಿಸಿ ಮಾಡುತ್ತದೆ. ಒಂದು ಕಿಲೋ ಅಂಗಾಂಶ ಎಷ್ಟು ವ್ಯಾಟ್ ಶಕ್ತಿ ಹೀರಿಕೊಳ್ಳುತ್ತದೆ ಎಂಬ ಲೆಕ್ಕವೇ ಎಸ್‌ಎಆರ್, ಅಂದರೆ ಸ್ಪೆಸಿಫಿಕ್ ಅಬ್ಸಾರ್ಪ್ಶನ್ ರೇಟ್. ಇಡೀ ಮೈ ಕಿಲೋಗೆ ಸುಮಾರು 4 ವ್ಯಾಟ್ ಹೀರಿಕೊಂಡಾಗ ಪ್ರಾಣಿಗಳ ನಡವಳಿಕೆಯಲ್ಲಿ ಬದಲಾವಣೆ ಕಂಡಿತ್ತು. ಅದರ ಐವತ್ತನೇ ಒಂದು ಭಾಗವನ್ನು, ಅಂದರೆ 0.08 ವ್ಯಾಟನ್ನು ಜನಸಾಮಾನ್ಯರ ಇಡೀ ದೇಹದ ಮಿತಿ ಎಂದು ಇಟ್ಟುಕೊಂಡರು. ತಲೆಯಂಥ ಒಂದೇ ಭಾಗಕ್ಕೆ ಬೇರೆ ಮಿತಿಯಿದೆ.

ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಹ್ಯಾಂಡ್‌ಸೆಟ್‌ಗಳಿಗೆ ಈ ಮಿತಿ ಕಿಲೋಗೆ 1.6 ವ್ಯಾಟ್. ಅದನ್ನು 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಅಳೆಯಬೇಕು. ಅದಕ್ಕೂ ಮೊದಲು ನಮ್ಮಲ್ಲಿದ್ದದ್ದು 10 ಗ್ರಾಂ ಸರಾಸರಿಯಲ್ಲಿ 2 ವ್ಯಾಟ್. ಯುರೋಪಿನಲ್ಲಿ ಈಗಲೂ ಅದೇ ಇದೆ. 10 ಗ್ರಾಂನಲ್ಲಿ ಸರಾಸರಿ ತೆಗೆದರೆ ಒಂದೇ ಬಿಂದುವಿನಲ್ಲಿ ಹೆಚ್ಚಿದ್ದ ಶಕ್ತಿ ಸುತ್ತಲಿನದರೊಂದಿಗೆ ಹಂಚಿಹೋಗಿ ಅಂಕಿ ಚಿಕ್ಕದಾಗಿ ಕಾಣುತ್ತದೆ. 1 ಗ್ರಾಂನಲ್ಲಿ ಹಾಗೆ ಅಡಗಲು ಜಾಗವಿಲ್ಲ. ಹಾಗಾಗಿ 1.6 ಮತ್ತು 2ರ ನಡುವಿನ ಅಂತರ ಕಾಣುವುದಕ್ಕಿಂತ ದೊಡ್ಡದು.

ಕ್ಯಾನ್ಸರಿನ ಮಾತು ಬಂದೇ ಬರುತ್ತದೆ. 2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಿಯೊ ತರಂಗಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ 2ಬಿ ಗುಂಪಿಗೆ ಸೇರಿಸಿತು. ಪುರಾವೆ ಗಟ್ಟಿಯಾಗಿಲ್ಲ, ಆದರೆ ತಳ್ಳಿಹಾಕಲೂ ಆಗದು ಎಂಬುದು ಆ ಗುಂಪಿನ ಅರ್ಥ. ಅದೇ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ. ಹೆದರುವ ಅಗತ್ಯವಿಲ್ಲ. ಖರ್ಚಿಲ್ಲದೆ ಕಡಿಮೆ ಮಾಡಿಕೊಳ್ಳಬಹುದಾದರೆ ಮಾಡಿಕೊಳ್ಳುವುದರಲ್ಲಿ ತಪ್ಪೂ ಇಲ್ಲ.

ರೇಂಜ್ ಏಕೆ ಮುಖ್ಯ?

ಫೋನಿನ ಎಸ್‌ಎಆರ್ ಅಳೆಯುವುದು ಪ್ರಯೋಗಾಲಯದಲ್ಲಿ. ಮನುಷ್ಯನ ತಲೆಯ ಆಕಾರದ ಅಚ್ಚಿನಲ್ಲಿ ಮಿದುಳಿನ ಗುಣದ ದ್ರವ ತುಂಬಿ, ಪಕ್ಕದಲ್ಲಿ ಫೋನಿಟ್ಟು, ಅದನ್ನು ಗರಿಷ್ಠ ಶಕ್ತಿಯಲ್ಲಿ ಓಡಿಸುತ್ತಾರೆ. ಎಲ್ಲ ಬ್ಯಾಂಡ್‌ಗಳಲ್ಲೂ ಅಳೆದು ಬಂದ ಅತಿ ಹೆಚ್ಚಿನ ಅಂಕಿಯೇ ಡಬ್ಬಿಯ ಮೇಲೆ ಬರುತ್ತದೆ. ಅದು ಆ ಫೋನಿನ ಮೇಲಂಚು, ದಿನನಿತ್ಯದ ಲೆಕ್ಕವಲ್ಲ.

ದಿನನಿತ್ಯ ಫೋನು ಎಷ್ಟು ಜೋರು ಮಾಡಬೇಕೆಂಬುದನ್ನು ಟವರ್ ಗಳಿಗೆಗಳಿಗೆಗೂ ಅದಕ್ಕೆ ತಿಳಿಸುತ್ತಿರುತ್ತದೆ. ಸಂಕೇತ ಚೆನ್ನಾಗಿ ತಲುಪುತ್ತಿದ್ದರೆ ‘ತಗ್ಗಿಸು’, ತಲುಪದಿದ್ದರೆ ‘ಹೆಚ್ಚಿಸು’. ಇದರ ಅಳತೆ ಡೆಸಿಬೆಲ್. 10 ಡೆಸಿಬೆಲ್ ಕೊರತೆ ಬಿದ್ದರೆ ಹತ್ತು ಪಟ್ಟು, 20 ಬಿದ್ದರೆ ನೂರು ಪಟ್ಟು, 30 ಬಿದ್ದರೆ ಸಾವಿರ ಪಟ್ಟು ಶಕ್ತಿ ಬೇಕು. ಫೋನು ತನ್ನ ಗರಿಷ್ಠ ಮುಟ್ಟುವವರೆಗೂ ಏರುತ್ತಲೇ ಹೋಗುತ್ತದೆ. 4ಜಿಯಲ್ಲಿ ಆ ಗರಿಷ್ಠ ಸುಮಾರು 0.2 ವ್ಯಾಟ್.

ಈಗ ಹೋಲಿಸಿ. ಒಂದು ಫೋನಿನ ಎಸ್‌ಎಆರ್ 0.8, ಇನ್ನೊಂದರದು 1.2. ವ್ಯತ್ಯಾಸ ಒಂದೂವರೆ ಪಟ್ಟು. ಅದೇ ಫೋನಿನಲ್ಲಿ ಒಳಕೋಣೆಯಿಂದ ಮಾತಾಡುವುದಕ್ಕೂ ಬಾಗಿಲಿಗೆ ಬಂದು ಮಾತಾಡುವುದಕ್ಕೂ ಹತ್ತಾರು ಪಟ್ಟು ವ್ಯತ್ಯಾಸ ಬೀಳಬಹುದು. ಅಂಗಡಿಯಲ್ಲಿ ಎಸ್‌ಎಆರ್ ನೋಡಿ ಫೋನು ಆರಿಸಿ, ಮನೆಗೆ ಬಂದು ಒಂದು ಕಡ್ಡಿ ಸಿಗ್ನಲ್‌ನಲ್ಲಿ ಗಂಟೆಗಟ್ಟಲೆ ಮಾತಾಡಿದರೆ ಆರಿಸಿದ್ದು ವ್ಯರ್ಥ.

ನಮ್ಮ ಕಡೆ ಒಳಕೋಣೆಯಲ್ಲಿ ಸಿಗ್ನಲ್ ಸಾಯಲು ಕಾರಣ ಮನೆಯ ಗೋಡೆಯೇ. ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಗಿ. ಬೇಸಗೆಯ ಬಿಸಿಲನ್ನು ತಡೆಯುವ ಆ ಗೋಡೆ ತರಂಗವನ್ನೂ ತಡೆಯುತ್ತದೆ. ಪತ್ರಾ ಹೊದಿಸಿದ ಮನೆಯಲ್ಲಿ ತಗಡು ತರಂಗವನ್ನು ಹಿಂದಕ್ಕೆ ಎಸೆಯುತ್ತದೆ. ಗಡಿ ಊರುಗಳಲ್ಲಿ ಇನ್ನೊಂದು ತೊಡಕು: ಅಫಜಲಪುರದಿಂದ ಅಕ್ಕಲಕೋಟೆ ಕಡೆಗೆ, ಆಳಂದದಿಂದ ಉಮರ್ಗಾ ಕಡೆಗೆ ಹೋದಂತೆ ಫೋನು ಕರ್ನಾಟಕದ ಟವರ್ ಬಿಟ್ಟು ಮಹಾರಾಷ್ಟ್ರದ್ದು, ಅದನ್ನು ಬಿಟ್ಟು ಇದು ಎಂದು ಹುಡುಕಾಡುತ್ತದೆ. ಬ್ಯಾಟರಿ ಬೇಗ ಇಳಿಯಲು ಇದೂ ಒಂದು ಕಾರಣ.

ಮಾಡಬೇಕಾದ್ದು

1. ಮೊದಲು ಫೋನು ಅಸಲಿಯೋ ನೋಡಿ. *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ‘ಕೆವೈಎಂ’ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಎಸ್‌ಎಂಎಸ್ ಮಾಡಿ. ಫೋನಿನ ಕಂಪನಿ, ಮಾದರಿ ಉತ್ತರವಾಗಿ ಬರಬೇಕು. ಬಂದ ಮಾದರಿಯೇ ಬೇರೆ, ಕೈಯಲ್ಲಿರುವುದೇ ಬೇರೆ ಎಂದಾದರೆ ಅಂಥ ಫೋನಿನ ಎಸ್‌ಎಆರ್ ಯಾರೂ ಅಳೆದಿಲ್ಲವೆಂದೇ ತಿಳಿಯಿರಿ. ಸಂತೆಯಲ್ಲಿ ಬಿಲ್ಲಿಲ್ಲದೆ ಸಿಗುವ ಸೋವಿ ಫೋನುಗಳಿಗೆ ಈ ಪರೀಕ್ಷೆ ತಪ್ಪಿಸಬೇಡಿ.

2. *#07# ಒತ್ತಿ ಎಸ್‌ಎಆರ್ ನೋಡಿ. ಬಾರದಿದ್ದರೆ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ, ಕಾನೂನು ಮಾಹಿತಿಯ ಭಾಗದಲ್ಲಿ ಹುಡುಕಿ, ಕೈಪಿಡಿಯಲ್ಲೂ ಇರುತ್ತದೆ. ತಲೆಗೆ ಒಂದು, ಮೈಗೆ ಒಂದು ಎಂದು ಎರಡು ಅಂಕಿಗಳಿರುತ್ತವೆ. ಎರಡೂ 1.6ರ ಒಳಗಿದ್ದರೆ ಸಾಕು, 0.7ರ ಫೋನಿಗಾಗಿ 1.1ರದನ್ನು ಬಿಡಬೇಕಿಲ್ಲ.

3. ಮನೆಯಲ್ಲಿ ಸಿಗ್ನಲ್ ಎಲ್ಲಿ ಚೆನ್ನಾಗಿದೆ ಎಂದು ಅಳೆಯಿರಿ. ಪರದೆಯ ಕಡ್ಡಿಗಳನ್ನು ಪೂರ್ತಿ ನಂಬುವಂತಿಲ್ಲ, ಒಂದೊಂದು ಕಂಪನಿ ಒಂದೊಂದು ರೀತಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ‘ಅಬೌಟ್ ಫೋನ್’, ‘ಸಿಮ್ ಸ್ಟೇಟಸ್’, ‘ಸಿಗ್ನಲ್ ಸ್ಟ್ರೆಂತ್’ ಎಂದು ಹೋದರೆ ಡಿಬಿಎಂ ಅಂಕಿ ಸಿಗುತ್ತದೆ. ಅದು ಮೈನಸ್‌ನಲ್ಲಿ ಇರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಒಳ್ಳೆಯದು, ಮೈನಸ್ 110 ಅಂದರೆ ಬಡಕಲು, ಮೈನಸ್ 120 ಅಂದರೆ ಇನ್ನೇನು ಹೋಯಿತು. ಅಡುಗೆಮನೆ, ಪಡಸಾಲೆ, ಬಾಗಿಲು, ಕಿಟಕಿ, ಎಲ್ಲ ಕಡೆ ಒಂದೊಂದು ನಿಮಿಷ ನಿಂತು ನೋಡಿ. ಚೆನ್ನಾಗಿರುವ ಜಾಗಕ್ಕೆ ಒಂದು ಕುರ್ಚಿ ಹಾಕಿಬಿಡಿ. ಉದ್ದ ಮಾತೆಲ್ಲ ಅಲ್ಲೇ.

4. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಫೋನಿನಲ್ಲಿ ‘ವೈ-ಫೈ ಕಾಲಿಂಗ್’ ಆನ್ ಮಾಡಿ. ಆಗ ಕರೆ ದೂರದ ಟವರಿಗೆ ಹೋಗದೆ ಮನೆಯ ರೌಟರ್ ಮೂಲಕ ಹೋಗುತ್ತದೆ, ಫೋನು ಕೂಗಾಡಬೇಕಿಲ್ಲ. ಕಲ್ಲುಮನೆಯವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣದು.

5. ಕಿವಿಯಿಂದ ದೂರ ಇಡಿ. ಕೆಲವೇ ಸೆಂಟಿಮೀಟರ್ ಅಂತರಕ್ಕೂ ಶಕ್ತಿ ಬಹಳ ಇಳಿಯುತ್ತದೆ. ಸ್ಪೀಕರ್ ಹಾಕಿ, ಇಲ್ಲವೇ ವೈರಿನ ಇಯರ್‌ಫೋನ್ ಬಳಸಿ. ಬ್ಲೂಟೂತ್ ಕೂಡ ಆಗಬಹುದು: ಸಾಮಾನ್ಯ ಬ್ಲೂಟೂತ್ ಸಾಧನದ ಶಕ್ತಿ 2.5 ಮಿಲಿವ್ಯಾಟ್, 4ಜಿ ಫೋನಿನ ಗರಿಷ್ಠದ ಎಂಬತ್ತನೇ ಒಂದು ಭಾಗ. ಆದರೆ ಬಸ್ಸಿನಲ್ಲಿ ಸ್ಪೀಕರ್ ಹಾಕಿ ಮನೆ ಜಗಳವನ್ನು ಜೇವರ್ಗಿವರೆಗೂ ಕೇಳಿಸಬೇಡಿ, ಅದಕ್ಕೆ ಯಾವ ಮಿತಿಯೂ ನಿಗದಿಯಾಗಿಲ್ಲ.

6. ಓಡುವ ಬಸ್ಸು, ಜೀಪಿನಲ್ಲಿ ಮಾತು ಚಿಕ್ಕದಾಗಿರಲಿ. ಸುತ್ತ ತಗಡು, ಮೇಲೆ ಟವರಿನಿಂದ ಟವರಿಗೆ ಜಿಗಿತ. ಫೋನಿಗೆ ಪುರಸೊತ್ತೇ ಇರದು.

7. ಹೊಲದಲ್ಲಿ ತೊಗರಿ ಕೊಯ್ಯುವಾಗ ಫೋನನ್ನು ಕುಪ್ಪಸದೊಳಗೆ, ಬನಿಯನ್ ಕಿಸೆಯಲ್ಲಿ ಇಟ್ಟುಕೊಳ್ಳುವುದು ಅಭ್ಯಾಸ. ಮೈಯ ಎಸ್‌ಎಆರ್ ಅಳೆಯುವಾಗ ಫೋನು ಮತ್ತು ಮೈ ನಡುವೆ ಒಂದಿಷ್ಟು ಅಂತರ ಬಿಟ್ಟಿರುತ್ತಾರೆ. 5 ಮಿಲಿಮೀಟರೋ 15 ಮಿಲಿಮೀಟರೋ ಎಂಬುದು ಕೈಪಿಡಿಯಲ್ಲಿ ಇರುತ್ತದೆ. ಮೈಗೆ ಒತ್ತಿ ಇಟ್ಟರೆ ಆ ಅಳತೆಯ ಷರತ್ತು ಮುರಿದಂತೆ. ಬುತ್ತಿ ಗಂಟಿನ ಜೊತೆ ಬದುವಿನ ಮೇಲೆ, ನೆರಳಿನಲ್ಲಿ ಇಡಿ. ಬೆವರಿನಿಂದ ಫೋನೂ ಉಳಿದೀತು.

8. ಊರಲ್ಲಿ ನಿಮ್ಮ ಕಂಪನಿಯ ಸಿಗ್ನಲ್ ಬಾರದಿದ್ದರೆ ಕಂಪನಿ ಬದಲಿಸಿ. ನೆರೆಮನೆಯವರ ಬೇರೆ ಬೇರೆ ಸಿಮ್‌ಗಳ ಡಿಬಿಎಂ ಅಂಕಿ ಹೋಲಿಸಿ ನೋಡಿ. ಇಂಗ್ಲಿಷ್‌ನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ಸಂಖ್ಯೆ ಹಾಕಿ 1900ಕ್ಕೆ ಕಳಿಸಿದರೆ ನಂಬರ್ ಉಳಿಸಿಕೊಂಡೇ ಬದಲಾಗಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಬಟನ್ ಫೋನಿಗೆ ರೇಡಿಯೇಷನ್ ಇಲ್ಲ.’ ಇದು ಹಿರಿಯರಲ್ಲಿ ಬಹಳ ಗಟ್ಟಿಯಾದ ನಂಬಿಕೆ. 2ಜಿಯ ಹಳೆಯ ಬಟನ್ ಫೋನು 900 ಮೆಗಾಹರ್ಟ್ಸ್‌ನಲ್ಲಿ ಒಂದು ಕ್ಷಣಕ್ಕೆ 2 ವ್ಯಾಟ್‌ವರೆಗೆ ಹೊಮ್ಮಿಸಬಲ್ಲದು. ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ ಅದು ಪ್ರಸಾರ ಮಾಡುವುದರಿಂದ ಸರಾಸರಿ ಕಾಲು ವ್ಯಾಟ್. ಅಂದರೂ 4ಜಿಯ ಗರಿಷ್ಠಕ್ಕಿಂತ ಹೆಚ್ಚೇ. ಜೊತೆಗೆ ಕರೆ ಶುರುವಾಗುವಾಗ ಅದು ಪೂರ್ತಿ ಜೋರಿನಲ್ಲಿದ್ದು ಆಮೇಲೆ ತಗ್ಗುತ್ತದೆ. ಹಾಗಾಗಿ ಆ ಕಡೆಯವರು ಎತ್ತಿದ ಮೇಲೆ ಕಿವಿಗೆ ಹಿಡಿಯುವುದು ಲೇಸು. ಹಾಗೆಂದು ಅಜ್ಜನ ಕೈಯಿಂದ ಬಟನ್ ಫೋನ್ ಕಿತ್ತುಕೊಳ್ಳಬೇಕಿಲ್ಲ. ಅದೂ ಮಿತಿಯೊಳಗೇ ಇದೆ.

ಮಾತಾಡುವಾಗ ಕಿವಿ ಬಿಸಿಯಾದರೆ ತರಂಗದ ಕಾಟ ಎಂದು ಹೆದರುವುದು ಇನ್ನೊಂದು. ಆ ಬಿಸಿ ಬಹುಪಾಲು ಬ್ಯಾಟರಿಯದು, ಒಳಗಿನ ಚಿಪ್ಪಿನದು, ಗಾಳಿಯಾಡದೆ ಒತ್ತಿಹಿಡಿದ ಕಿವಿಯದು. ಹೊರಗೆ 40 ಡಿಗ್ರಿ ದಾಟಿದ ಮೇ ತಿಂಗಳಲ್ಲಿ ಕೇಳುವುದೇ ಬೇಡ.

ಫೋನಿನ ಹಿಂದೆ ಅಂಟಿಸುವ ‘ಆ್ಯಂಟಿ ರೇಡಿಯೇಷನ್’ ಚಿಪ್ಪು, ಸ್ಟಿಕ್ಕರುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದು ಕೆಲಸ ಮಾಡದಿದ್ದರೆ ದುಡ್ಡು ದಂಡ. ನಿಜಕ್ಕೂ ತರಂಗ ತಡೆದರೆ ಇನ್ನೂ ಕೆಟ್ಟದು: ಸಿಗ್ನಲ್ ಕುಗ್ಗಿತೆಂದು ಫೋನು ಮತ್ತಷ್ಟು ಜೋರು ಮಾಡುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಮಾರಾಟಗಾರರ ಮೇಲೆ 2002ರಲ್ಲೇ ಕ್ರಮಕ್ಕೆ ಮುಂದಾಗಿತ್ತು. ಸರಕು ಇನ್ನೂ ಮಾರಾಟವಾಗುತ್ತಲೇ ಇದೆ.

‘ರೇಡಿಯೇಷನ್ ಡಿಟೆಕ್ಟರ್’ ಎಂಬ ಆ್ಯಪ್ ಹಾಕಿಕೊಂಡು ಟವರಿನ ಕೆಳಗೆ ಅಳೆದು, ಅಂಕಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವವರಿದ್ದಾರೆ. ಅಂಥ ಆ್ಯಪ್‌ಗಳು ಬಳಸುವುದು ಫೋನಿನೊಳಗಿನ ದಿಕ್ಸೂಚಿಯ ಸಂವೇದಕವನ್ನು. ಅದಕ್ಕೆ ಕಬ್ಬಿಣ, ಅಯಸ್ಕಾಂತ ಗೊತ್ತು. ರೇಡಿಯೊ ತರಂಗ ಗೊತ್ತಿಲ್ಲ. ಟವರಿನ ಕಬ್ಬಿಣ ಕಂಡು ಅಂಕಿ ಏರಿಸುತ್ತದೆ, ಅಷ್ಟೇ.

ರಾತ್ರಿ ವೈ-ಫೈ ರೌಟರ್ ಆರಿಸಲೇಬೇಕೆ? ಬೇಕಿದ್ದರೆ ಆರಿಸಿ, ಕರೆಂಟ್ ಉಳಿಯುತ್ತದೆ. 0.1 ವ್ಯಾಟಿನ ರೌಟರ್ ಎಲ್ಲ ದಿಕ್ಕಿಗೂ ಸಮನಾಗಿ, ಬಿಡುವಿಲ್ಲದೆ ಹೊಮ್ಮಿಸಿತು ಎಂದುಕೊಂಡರೂ ಒಂದು ಮೀಟರ್ ದೂರದಲ್ಲಿ ಸಿಗುವುದು ಚದರ ಮೀಟರಿಗೆ ಸುಮಾರು 0.008 ವ್ಯಾಟ್. ದೂರ ಮೂರು ಪಟ್ಟಾದರೆ ಅದು ಒಂಬತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ತಲೆದಿಂಬಿನ ಪಕ್ಕದಲ್ಲಿ ಇಡಬೇಡಿ, ಅಷ್ಟು ಸಾಕು.

ಇನ್ನು ಒಂದು ಸುದ್ದಿ ಈಗಲೂ ತಿರುಗುತ್ತಿರುತ್ತದೆ: ಫ್ರಾನ್ಸಿನಲ್ಲಿ ಐಫೋನ್ 12 ನಿಷೇಧವಾಯಿತಂತೆ, ಅಂತ. ಆದದ್ದು ಹೀಗೆ. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ತರಂಗ ನಿಯಂತ್ರಣ ಸಂಸ್ಥೆ ಎಎನ್‌ಎಫ್‌ಆರ್ ಆ ಫೋನನ್ನು ಕೈಯಲ್ಲಿ, ಕಿಸೆಯಲ್ಲಿ ಹಿಡಿದ ಸ್ಥಿತಿಯಲ್ಲಿ ಅಳೆದಾಗ ಕಿಲೋಗೆ 5.74 ವ್ಯಾಟ್ ಬಂತು. ಕೈಕಾಲುಗಳಿಗೆ ಅಲ್ಲಿನ ಮಿತಿ 4. ಮಾರಾಟ ನಿಲ್ಲಿಸಿದರು. ಆಪಲ್ ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟು ಸರಿಪಡಿಸಿತು. ಇದರಿಂದ ಯಾರಿಗೋ ರೋಗ ಬಂತೆಂದು ತಿಳಿಯಬೇಡಿ, ಮಿತಿಯಲ್ಲಿ ದೊಡ್ಡ ಅಂತರ ಬಿಟ್ಟಿರುತ್ತಾರೆ. ಆದರೆ ಅಂಗಡಿಯಿಂದ ತಂದು ಅಳೆಯುವವರು ಇರಬೇಕು, ಮತ್ತು ಫೋನಿನ ಅಪ್‌ಡೇಟುಗಳನ್ನು ತಳ್ಳಿಹಾಕಬಾರದು ಎಂಬ ಎರಡು ಮಾತು ಇದರಿಂದ ಸಿಗುತ್ತವೆ.

ಎಚ್ಚರಿಕೆ

ರೇಂಜ್ ಹುಡುಕುತ್ತ ಮಾಳಗಿಯ ಅಂಚಿಗೆ, ನೀರಿನ ಟಾಕಿಯ ಮೇಲೆ, ಕರೆಂಟ್ ತಂತಿಯ ಹತ್ತಿರ ಹೋಗಬೇಡಿ. ಮುಂಗಾರಿಗೆ ಮುಂಚಿನ ಗುಡುಗು–ಸಿಡಿಲಿನ ಹೊತ್ತಿನಲ್ಲಂತೂ ಬಯಲಲ್ಲಿ, ಮರದ ಕೆಳಗೆ ನಿಲ್ಲಲೇಬೇಡಿ. ಫೋನು ಸಿಡಿಲನ್ನು ಕರೆಯುವುದಿಲ್ಲ. ಎತ್ತರದಲ್ಲಿ ಒಂಟಿಯಾಗಿ ನಿಂತ ನೀವು ಅದಕ್ಕೆ ಗುರಿಯಾಗುತ್ತೀರಿ. ಹೆಲ್ಮೆಟ್ ಸಂದಿಯಲ್ಲಿ, ರುಮಾಲಿನ ಮಡಿಕೆಯಲ್ಲಿ ಫೋನು ಸಿಕ್ಕಿಸಿ ಬೈಕ್ ಓಡಿಸುವವರು ಎಸ್‌ಎಆರ್ ಬಗ್ಗೆ ಚಿಂತಿಸುವುದು ನಗೆಪಾಟಲು. ಮೊಬೈಲಿನಿಂದ ಜೀವ ಹೋಗುವುದು ಹೀಗೆ.

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಫೋನನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು, ಎದೆಯ ಕಿಸೆಯಲ್ಲಿ ಬೇಡ, ಎದುರು ಬದಿಯ ಕಿವಿಗೆ ಹಿಡಿಯಬೇಕು. ಮಕ್ಕಳ ಬಳಕೆ ಮಿತವಾಗಿರಲಿ ಎಂದು ದೂರಸಂಪರ್ಕ ಇಲಾಖೆಯೂ ಹೇಳಿದೆ.

ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುವ ಸಿಗ್ನಲ್ ಬೂಸ್ಟರ್ ತಂದು ಮಾಳಗಿಗೆ ಕಟ್ಟಬೇಡಿ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ನಿಮ್ಮ ಮನೆಗೆ ರೇಂಜ್ ಬಂದು ಸುತ್ತಲಿನ ಹತ್ತು ಮನೆಗಳಿಗೆ ಕೆಡುತ್ತದೆ, ಅವರ ಫೋನುಗಳೆಲ್ಲ ಜೋರು ಮಾಡಬೇಕಾಗುತ್ತದೆ.

ಟವರಿನ ಲೆಕ್ಕ

ಕೊನೆಗೆ ಟವರ್. 2012ರ ಅದೇ ಸೆಪ್ಟೆಂಬರ್ 1ರಿಂದ ಭಾರತ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ನಲ್ಲಿ ಅದು ಚದರ ಮೀಟರಿಗೆ 0.45 ವ್ಯಾಟ್, 1800ರಲ್ಲಿ 0.9. ಆಂಟೆನಾದ ನೇರ ಮುಖದಲ್ಲಿ 1,000 ವ್ಯಾಟಿಗೆ ಸಮನಾದ ಶಕ್ತಿ ಇದೆ ಎಂದುಕೊಳ್ಳಿ. 200 ಮೀಟರ್ ದೂರದಲ್ಲಿ ಸಿಗುವುದು 0.002 ವ್ಯಾಟ್, 900ರ ಮಿತಿಯ ಇನ್ನೂರನೇ ಒಂದು ಪಾಲಿಗಿಂತ ಕಡಿಮೆ. ಒಂದೇ ಟವರಿನಲ್ಲಿ ನಾಲ್ಕು ಆಂಟೆನಾ ನಿಮ್ಮ ಕಡೆ ಮುಖ ಮಾಡಿದ್ದರೂ ಮಿತಿ ಬಹಳ ದೂರ. ಇನ್ನು ಟವರಿನ ಬುಡ: ದೀಪದ ಕೆಳಗೆ ಕತ್ತಲೆ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಆಂಟೆನಾದ ಕಿರಣ ಮುಂದಕ್ಕೆ ಚಾಚುತ್ತದೆ, ಕೆಳಕ್ಕೆ ಸುರಿಯುವುದಿಲ್ಲ. ನೋಡಬೇಕಾದ್ದು ಆಂಟೆನಾದ ಎದುರಿಗೇ, ಅದೇ ಎತ್ತರದಲ್ಲಿ, ಹತ್ತಿರದಲ್ಲೇ ಇರುವ ಮಹಡಿಯನ್ನು. ಪೇಟೆಯಲ್ಲಿ ಕಟ್ಟಡದ ಮೇಲೆ ನಿಲ್ಲಿಸಿದ ಟವರುಗಳಲ್ಲಿ ಈ ಪ್ರಶ್ನೆ ನ್ಯಾಯವಾದದ್ದು.

ಅನುಮಾನವಿದ್ದರೆ ದಾರಿಯಿದೆ. 2017ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ‘ತರಂಗ ಸಂಚಾರ್’ ಎಂಬ ಜಾಲತಾಣ ಶುರುಮಾಡಿತು. ಅದರಲ್ಲಿ ನಿಮ್ಮ ಜಾಗ ಗುರುತಿಸಿದರೆ ಸುತ್ತಲಿನ ಟವರುಗಳು, ಅವು ಮಿತಿಗೆ ಒಳಪಟ್ಟಿವೆಯೇ ಎಂಬ ಮಾಹಿತಿ ಸಿಗುತ್ತದೆ. ಇಂಥ ಜಾಗದಲ್ಲೇ ಅಳೆದು ಕೊಡಿ ಎಂದು ಅರ್ಜಿ ಹಾಕಲೂ ಬರುತ್ತದೆ. ಅದಕ್ಕೆ ನಿಗದಿಯಾದ ಶುಲ್ಕ 4,000 ರೂಪಾಯಿ. ಒಬ್ಬರಿಗೆ ಹೆಚ್ಚೆನಿಸಿದರೆ ಓಣಿಯವರೆಲ್ಲ ಪಟ್ಟಿ ಹಾಕಬಹುದು. ಅಳೆಯುವುದು ಇಲಾಖೆಯ ತಂತ್ರಜ್ಞರು, ಸರಿಯಾದ ಉಪಕರಣದಿಂದ.

‘ನಿಮ್ಮ ಹೊಲದಾಗ ಟಾವರ್ ಹಾಕ್ತೀವಿ, ಮೊದಲ ಇಷ್ಟು ಕಟ್ರಿ, ಟ್ರಾಯ್ ಸರ್ಟಿಫಿಕೇಟ್ ಐತಿ’ ಎಂದು ಫೋನ್ ಮಾಡುವವರನ್ನು ನಂಬಬೇಡಿ. ಟವರ್ ಹಾಕಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಯಾವ ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ಈಗಾಗಲೇ ದುಡ್ಡು ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಟವರ್ ಬೇಡವೆಂದು ಗ್ರಾಮಸಭೆಯಲ್ಲಿ ಅರ್ಜಿ ಬರೆಯುವವರಲ್ಲಿ ಒಂದು ವಿನಂತಿ. ಸಹಿ ಹಾಕುವ ಮೊದಲು ಹತ್ತಿರದ ಟವರಿನ ಅಳತೆಯ ವರದಿ ತರಿಸಿ ನೋಡಿ, ಅದರ ಪಕ್ಕದಲ್ಲಿ ನಿಮ್ಮ ಮನೆಯೊಳಗಿನ ಡಿಬಿಎಂ ಅಂಕಿಯನ್ನೂ ಬರೆದಿಡಿ. ಎರಡನ್ನೂ ನೋಡಿದ ಮೇಲೂ ಬೇಡ ಅನ್ನಿಸಿದರೆ ಧಾರಾಳವಾಗಿ ಸಹಿ ಹಾಕಿ.